ಭಾಗಮಂಡಲದ ಹೋಟ್ಲಿಗೆ ನಾನು ಕೊಟ್ಟ ಸಲಹೆಗಳು

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ಮಡಿಕೇರಿಯ ಸಣ್ಣ ಅಂಗಡಿಯವರಿಗೆ ಮಾರಾಟ ತೆರಿಗೆಯ ಸಲಹೆ ಕೊಡುವುದು ನನ್ನ ಕಸುಬು. ನಾನು ಬಾಯಿ ಬಿಟ್ಟಾಗಲೆಲ್ಲ ಯಾರಿಗೋ ಗ್ರಹಚಾರ ಕಾದಿರುತ್ತಿತ್ತು. ಭಾಗಮಂಡಲದಲ್ಲಿ ಹೋಟ್ಲಿಟ್ಟಿದ್ದ ಭಟ್ಟರಷ್ಟು ಅನುಭವಿಸಿದವರು ಮಾತ್ರ ಬೇರೆ ಇಲ್ಲ.

ಸುಣ್ಣ

ತೆರಿಗೆ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಭಟ್ಟರು ನನ್ನಲ್ಲಿಗೆ ಓಡಿ ಬಂದರು.

"ಬಾಯಿಗೆ ಬಂದಷ್ಟು ತೆರಿಗೆ ಹಾಕಿದ್ರೆ ಹೋಟ್ಲು ಮುಚ್ಚಬೇಕಷ್ಟೆ ಮಾರಾಯ್ರೇ!"

"ಹೆದರಬೇಡಿ ಭಟ್ರೇ. ಒಳಗೆ ಕಾಲಿಟ್ಟ ಕೂಡಲೇ ಅವರಿಗೆ ಒಳ್ಳೆ ಅಭಿಪ್ರಾಯ ಬರಬೇಕು. ಮೊದಲು ಗೋಡೆಗೆ ಸುಣ್ಣ ಹೊಡೆಸಿ."

ಮುಂದಿನ ವಾರ ಹೋದೆ. ಹೋಟ್ಲು ಬೆಳ್ಳಗೆ ಹೊಳೆಯುತ್ತಿತ್ತು. ಬೀಗುತ್ತಾ, "ಈಗ ಲೆಕ್ಕ ತೋರಿಸಿ" ಎಂದೆ.

ಭಟ್ಟರು ಅಡುಗೆಮನೆಯ ಗೋಡೆ ತೋರಿಸಿದರು. "ಇದರ ಮೇಲೆಯೇ ಮಸಿಯಲ್ಲಿ ಬರೆದದ್ದು. ನೀವು ಸುಣ್ಣ ಹೊಡೆಸಿ ಅಂದ್ರಿ!"

"ಅಯ್ಯೋ, ಆಗಲೇ ಹೇಳಬಾರದಿತ್ತೇ?"

"ತಿಳಿದವರು ಹೇಳಿದ ಮೇಲೆ ನಾನೆಂತ ಎದುರು ಮಾತಾಡುದು?"

ಕಕ್ಕಡದ ಉಪಾಯ

ಲೆಕ್ಕ ಹೋಯಿತು. ಇನ್ನು ಸಾಹೇಬರು ಕಣ್ಣಿಗೆ ಕಂಡ ವ್ಯಾಪಾರ ನೋಡಿಯೇ ತೆರಿಗೆ ಹಾಕುವವರು. ತುಲಾ ಸಂಕ್ರಮಣದ ಜಾತ್ರೆಯಲ್ಲಿ ಬಂದರೆ ಭಟ್ಟರ ಕಥೆ ಮುಗಿದಂತೆ. ನಾನು ತಲೆ ಓಡಿಸಿದೆ. ಕಕ್ಕಡ ಮಾಸದ ಮಳೆಯಲ್ಲಿ ಭಾಗಮಂಡಲಕ್ಕೆ ಕಾಗೆಯೂ ಬರುವುದಿಲ್ಲ. ಕೈಕಾಲು ಹಿಡಿದು ಸಾಹೇಬರನ್ನು ಆಗಲೇ ಕರೆದುಕೊಂಡು ಹೋದೆ.

ಹೋಟ್ಲಲ್ಲಿ ನರಪಿಳ್ಳೆಯಿಲ್ಲ, ಒಲೆ ಮುಂದೆ ಒಂದು ಬೆಕ್ಕು. ಭಟ್ಟರಿಗೆ ಕಣ್ಣು ಹೊಡೆದೆ. ಅಷ್ಟರಲ್ಲಿ ಊರಿನ ನದಿಸಂಗಮ ಉಕ್ಕಿ ರಸ್ತೆ ಮುಳುಗಿತು. ನಾವು ಬಂದ ಬಸ್ಸು ಹಿಂದೆ ಹೋಗದೆ ಅಲ್ಲೇ ನಿಂತಿತು. ಬಸ್ಸಿನ ಜನವೆಲ್ಲ ಹೋಟ್ಲಿಗೆ ನುಗ್ಗಿದರು.

"ಭಟ್ರೇ, ಇನ್ನೆರಡು ದೋಸೆ!" ಡ್ರೈವರನ ಕೂಗು.

ಸಾಹೇಬರು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. "ಕಕ್ಕಡದಲ್ಲೇ ಹೀಗಾದರೆ ಸಂಕ್ರಮಣಕ್ಕೆ ಹೇಗಿರಬೇಡ!"

ನಾನು ಬಂದವರ ಕಿವಿಯಲ್ಲಿ, "ಇಲ್ಲಿ ಕಾಫಿ ಚೆನ್ನಾಗಿರಲ್ಲ" ಎಂದು ಊದತೊಡಗಿದೆ. ಒಬ್ಬ ಅಜ್ಜ, "ಹೌದಾ? ಹಾಗಾದ್ರೆ ಉಪ್ಪಿಟ್ಟು ಹೇಳಿ" ಅಂದರು. ನೀರು ಇಳಿಯಲು ಎರಡು ದಿನ ಹಿಡಿಯಿತು.

ಬಿಲ್ಲು

ಹೊರಡುವಾಗ ಸಾಹೇಬರು ಪೆನ್ನು ತೆಗೆದರು. "ವ್ಯಾಪಾರ ಬಲು ಜೋರು ಭಟ್ರೇ."

"ವ್ಯಾಪಾರ ಎಂತದು ಸ್ವಾಮಿ? ನೀರಲ್ಲಿ ಸಿಕ್ಕಿಬಿದ್ದವರ ಹತ್ರ ಕಾಸು ತಗೊಳ್ಳುದುಂಟಾ? ನಿಮ್ಮ ಹತ್ರವೂ ತಗೊಂಡಿಲ್ಲವಲ್ಲ!"

ಸಾಹೇಬರು ಬಸ್ಸಿನವರನ್ನು ಕೇಳಿದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಸಾಹೇಬರ ಮುಖ ಮೆತ್ತಗಾಯಿತು. ಬರೆದದ್ದನ್ನೆಲ್ಲ ಹೊಡೆದುಹಾಕಿ, "ಮಾಮೂಲು ದಿನದ ವ್ಯಾಪಾರ ನೀವೇ ಹೇಳಿ. ನಿಮ್ಮ ಮಾತು ನಂಬ್ತೇನೆ. ಯಾರ ಹತ್ರಾನೂ ಕಾಸು ಮುಟ್ಟಿಲ್ಲ ತಾನೆ?" ಎಂದರು.

ಭಟ್ಟರ ಕಣ್ಣು ತುಂಬಿತು. ನನಗೂ ಸಂತೋಷವಾಯಿತು. ಆಗ ನಾನು ಸುಮ್ಮನಿರಬೇಕಿತ್ತು. ಆದರೆ ತೆರಿಗೆ ಸಲಹೆಗಾರ ಬಿಟ್ಟಿ ಊಟ ಮಾಡಿದ ಎಂದು ಸಾಹೇಬರು ತಿಳಿದರೆ ನನ್ನ ಮರ್ಯಾದೆ ಏನಾಗಬೇಕು?

"ನಾನು ಕೊಟ್ಟಿದ್ದೇನೆ ಸಾರ್!" ಎಂದು ಎದೆಯುಬ್ಬಿಸಿ ಜೇಬಿಗೆ ಕೈಹಾಕಿದೆ. "ಭಟ್ರು ಬೇಡ ಬೇಡ ಅಂದರೂ ಬಿಡಲಿಲ್ಲ. ಬಿಲ್ಲೂ ಬರೆಸಿಕೊಂಡಿದ್ದೇನೆ, ನೋಡಿ!"

ಸಾಹೇಬರು ಬಿಲ್ಲು ನೋಡಿದರು, ನನ್ನನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೊಂದನ್ನು ಸೇರಿಸಿಕೊಳ್ತೇನೆ ಭಟ್ರೇ, ಉಳಿದದ್ದು ನಿಮ್ಮ ಮಾತಿನಂತೆ."

ಭಟ್ಟರು ಹಣೆ ಚಚ್ಚಿಕೊಂಡರು.

"ಅವತ್ತು ಸುಣ್ಣ ಹೊಡೆಸ್ಬೇಕಾದ್ದು ಗೋಡೆಗಲ್ಲ ಮಾರಾಯ್ರೇ, ನಿಮ್ಮ ಬಾಯಿಗೆ!"