ತಾಯಿ ಸ್ಥಾನ ಭರ್ತಿಯಾಗಿದೆ

ಸಂಬಂಧವಿಲ್ಲದ ನಾಲ್ವರಿಗಿಂತ ಹೆಚ್ಚು ಮಂದಿಗೆ ಮನೆ ಬಾಡಿಗೆಗೆ ಕೊಟ್ಟವರು ಲೈಸೆನ್ಸ್ ಪಡೆಯತಕ್ಕದ್ದು ಎಂದು ಡಾಲಸ್ ಬಳಿಯ ನಮ್ಮ ಪುಟ್ಟ ನಗರದ ಆಡಳಿತ ಕಳೆದ ವರ್ಷ ಆದೇಶ ಹೊರಡಿಸಿತು. ಲೈಸೆನ್ಸಿಗೆ ಪ್ರತಿ ಕೋಣೆಗೂ ಕಿಟಕಿ ಇರಬೇಕು. ಪಕ್ಕದ ಊರು ಫ್ರಿಸ್ಕೋದಲ್ಲಿರುವ ಭಾಸ್ಕರ ಅಂಕಲ್ ಇಲ್ಲಿನ ತಮ್ಮ ಬಾಡಿಗೆ ಮನೆಯ ಕಿಟಕಿಯಿಲ್ಲದ ಗ್ಯಾರೇಜನ್ನೂ ಕೋಣೆಯೆಂದು ಕೊಟ್ಟಿದ್ದರಿಂದ ತಾತ್ಕಾಲಿಕ ವಿನಾಯಿತಿಗೆ ಅರ್ಜಿ ಹಾಕಿದರು. ಮನೆಯನ್ನು ಇನ್ನು ಮುಂದೆ ಒಂದೇ ಕುಟುಂಬಕ್ಕೆ ಕೊಡಲು ಉದ್ದೇಶಿಸಿದ ಮಾಲೀಕರಿಗೆ ಅದು ಸಿಗುತ್ತದೆ. ಅಂಕಲ್ ತಡಮಾಡಲಿಲ್ಲ. ಮನೆಯಲ್ಲಿದ್ದ ಐವರು ವಿದ್ಯಾರ್ಥಿಗಳನ್ನೇ ಕುಟುಂಬವೆಂದು ಘೋಷಿಸಿದರು.

ಕಾರಿದ್ದ ಕಾರಣ ಆಶ್ರಿತ್ ತಂದೆಯಾದ. ಪಾತ್ರೆ ತೊಳೆಯದವರನ್ನು ಬೈಯುವ ಅಭ್ಯಾಸವಿದ್ದ ನಿಶಿತಾ ತಾಯಿಯಾದಳು. ಗ್ಯಾರೇಜಿನಲ್ಲಿ ಮಲಗುತ್ತಿದ್ದ ಧಾರವಾಡದ ಚನ್ನಬಸಪ್ಪ ಎಲ್ಲರಿಗಿಂತ ಹಿರಿಯನಾದರೂ ಕೊನೆಗೆ ಬಂದು ಸೇರಿದ್ದರಿಂದ ಕಿರಿಯ ಮಗನೆನಿಸಿದ. ವಿನಾಯಿತಿ ಮಂಜೂರಾಯಿತು. ಮರುವಾರ ಎಸಿ ಕೆಟ್ಟಿತು.

"ಕುಟುಂಬ ಅಂದ್ಮೇಲೆ ರಿಪೇರಿ ಮನೆಯವರೇ ಮಾಡಿಸ್ಕೋಬೇಕಲ್ವೇನಪ್ಪಾ?" ಎಂದರು ಅಂಕಲ್.

"ಹಂಗಾದ್ರ ಬಾಡಿಗಿ?" ಎಂದ ಚನ್ನಬಸಪ್ಪ.

"ಅದು ಬೇರೆ ವಿಷಯ."

ಮೇ ತಿಂಗಳಲ್ಲಿ ಚನ್ನಬಸಪ್ಪನ ಪಿಎಚ್‌ಡಿ ಪದವಿ ಸಮಾರಂಭ ನೋಡಲು ತಾಯಿ ಹೊನ್ನಮ್ಮ ಧಾರವಾಡದಿಂದ ಬಂದರು. ಅದೇ ವಾರ ನಗರದ ತಪಾಸಣಾಧಿಕಾರಿಯೂ ಬಂದರು. ಮೈಸೂರು ಮೂಲದ ರಾಜಲಕ್ಷ್ಮಿ ಎಂಬವರು.

"ಇವರು ಯಾರು?"

"ನಾ ಇವನ ತಾಯಿರಿ. ಹಡದಾಕಿ," ಎಂದರು ಹೊನ್ನಮ್ಮ.

ರಾಜಲಕ್ಷ್ಮಿ ಟ್ಯಾಬ್ಲೆಟ್ ನೋಡಿದರು. "ಹೆತ್ತಿರಬಹುದು ಅಮ್ಮ, ಇಲ್ಲ ಅನ್ನಲ್ಲ. ಆದ್ರೆ ಈ ಮನೇಲಿ ತಾಯಿ ಸ್ಥಾನ ಭರ್ತಿಯಾಗಿದೆ. ನಮ್ಮ ಪ್ರಕಾರ ನೀವು ಸಂಬಂಧವಿಲ್ಲದವರು."

ಸಂಬಂಧವಿಲ್ಲದವರು ಒಬ್ಬರು ಸೇರಿದರೂ ವಿನಾಯಿತಿ ರದ್ದು, ಆ ವಾರವೇ ಎಲ್ಲರೂ ಮನೆ ಖಾಲಿ ಮಾಡಬೇಕು. ಉಳಿದವರಿಗೆ ಪರೀಕ್ಷೆ ನಡೆಯುತ್ತಿತ್ತು. ಆಶ್ರಿತ್ ಹೆದರಿ ಬೆವರಿದ. ಎಸಿ ಇಲ್ಲದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ.

"ಅಜ್ಜಿ ಅಂತ ಬರ್ಕೊಳ್ಳಿ ಮೇಡಂ," ಎಂದಳು ನಿಶಿತಾ.

"ವಿನಾಯಿತಿ ಕುಟುಂಬ ಎರಡು ತಲೆಮಾರು ಮೀರೋ ಹಾಗಿಲ್ಲ. ಮಕ್ಕಳಿಗೆ ಮಾತ್ರ ಮಿತಿ ಇಲ್ಲ."

"ನಮ್ಮವ್ವನ್ನ ಮೋಟೆಲ್‌ಗೆ ಕಳಸಂಗಿಲ್ಲ ನಾ," ಎಂದ ಚನ್ನಬಸಪ್ಪ.

ಹೊನ್ನಮ್ಮ ಸೆರಗು ಸರಿಪಡಿಸಿಕೊಂಡರು. "ಮಗಳಂತ ಬರ್ಕೋರಿ. ನನಗ ಯಾರರೆ ಉಣ್ಣು ಅಂದು ಭಾಳ ವರ್ಷ ಆತು."

ಹಾಗೆಯೇ ದಾಖಲಾಯಿತು. ಮಕ್ಕಳಾಗುತ್ತಿರುವುದರಿಂದ ಇದು ನಿಜವಾದ ಕುಟುಂಬವೆಂದು ತೃಪ್ತಿಪಟ್ಟ ಅಧಿಕಾರಿ ವಿನಾಯಿತಿಯನ್ನು ವಿಸ್ತರಿಸಿದರು. ಅಂಕಲ್ ಶುಭಾಶಯ ಕೋರಿ, ಹೊಸ ಮಗುವಿನ ಬಾಡಿಗೆ ಸೇರಿಸಿದರು.

ಹೊನ್ನಮ್ಮನವರು ನಿಯಮಕ್ಕೆ ತಪ್ಪಲಿಲ್ಲ. ದೇವಸ್ಥಾನಕ್ಕೆ ಹೋಗಲು ನಿಶಿತಾಳ ಅಪ್ಪಣೆ ಕೇಳಿದರು. ಬಿಸಿಲು ಇಳಿದ ಮೇಲೆ ಹೋಗು ಎಂದಳು ನಿಶಿತಾ. ಅವರು ಸೋಫಾದಲ್ಲಿ ಕೂತು ಕಾದರು.

ಪದವಿ ಸಮಾರಂಭದಲ್ಲಿ ಫೋಟೊ ತೆಗೆಯುವವನು, ಹುಡುಗನ ತಾಯಿ ಮುಂದೆ ಬರಲಿ ಎಂದ. ಚನ್ನಬಸಪ್ಪ ಕೈ ಚಾಚಿದ. ಹೊನ್ನಮ್ಮ ಇಪ್ಪತ್ತನಾಲ್ಕರ ನಿಶಿತಾಳನ್ನು ಮೆಲ್ಲಗೆ ಮುಂದೆ ತಳ್ಳಿ, ತಾವು ತುದಿಯಲ್ಲಿ ನಿಂತರು.

"ಆಕಿರಿ," ಎಂದರು. "ನಾ ಸಣ್ಣಾಕಿ."