ಚಾಪೆಯ ಕೆಳಗಿನ ನೆಲ

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ಆದರೆ ನಾನು ಕೂರಿಸಿದ ಟೈಲ್ಸಿನ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ಕೂತಿರ್ತದೆ, ಬೇಕಾದರೆ ಬಂದು ನೋಡಿ. ಕೂಳೂರಿನಲ್ಲಿ ಕಡಿಮೆ ಬಾಡಿಗೆಯ ಮನೆ ಹಿಡಿದದ್ದೂ ಅಷ್ಟೇ ನೇರವಾದ ತೀರ್ಮಾನ ಎಂದು ನಂಬಿದ್ದೆ.

ಬಾಡಿಗೆ ಯಾಕೆ ಕಡಿಮೆ ಅಂತ ಮೊದಲ ದಿನವೇ ಗೊತ್ತಾಯಿತು. ನೆಲ ಎದ್ದು ಹೋಗಿತ್ತು. ಬಚ್ಚಲಿನ ನೀರು ಹೊರಗೆ ಹೋಗುವ ಬದಲು ಅಡುಗೆಮನೆಗೆ ಬರುತ್ತಿತ್ತು. ಸಹಿಸಿಕೊಂಡು ಇರಬೇಕಿತ್ತು. ನನ್ನ ಕೈ ಕೇಳಲಿಲ್ಲ. ಫಳ್ನೀರಿನ ಫ್ಲ್ಯಾಟಿನ ಕೆಲಸದಲ್ಲಿ ಉಳಿದದ್ದು, ಪಂಪ್‌ವೆಲ್‌ನ ಅಂಗಡಿಯವರು ಕೊಂಡುಹೋಗು ಅಂದದ್ದು, ಎಲ್ಲ ಟೈಲ್ಸ್ ಸೇರಿಸಿ ರಜೆಯಲ್ಲಿ ಕೂತು ನೆಲ, ಬಚ್ಚಲು ಎರಡನ್ನೂ ಮುಗಿಸಿದೆ. ಹೆಂಡತಿ ಪ್ರೇಮ ಕಾಲಿಡಲಿಕ್ಕೇ ಹೆದರುವಷ್ಟು ಹೊಳಪು!

ಪಕ್ಕದ ಮನೆಯ ಯಜಮಾನ ಹಮೀದಾಕ ಬಾಗಿಲಲ್ಲಿ ನಿಂತು ನೋಡಿದರು. ಹೊಗಳುತ್ತಾರೆ ಅಂತ ಕಾದೆ.

"ಎಂತ ಮಾಡಿದೆ ಮಾರಾಯ," ಅಂದರು. "ಓನರ್ ಬಾಯಮ್ಮ ನೋಡಿದರೆ ಬಾಡಿಗೆ ಏರಿಸ್ತಾರೆ. ನಿನ್ನದು ಏರಿದರೆ ಈ ಸಾಲಿನ ಎಲ್ಲರದ್ದೂ ಏರ್ತದೆ."

ಅಂದಿನಿಂದ ಗೇಟು ಕಿರ್ ಅಂದರೆ ಕಿಟಕಿಯಲ್ಲಿ ಇಣುಕುತ್ತಿದ್ದೆ. ಬಾಯಮ್ಮ ಬರಬಾರದೆಂದು ಬಾಡಿಗೆಯನ್ನು ನಾನೇ ಅವರ ಮನೆಗೆ ಓಡಿ ಕೊಟ್ಟು ಬರುತ್ತಿದ್ದೆ. ಇಂಥ ಪ್ರಾಮಾಣಿಕ ಬಾಡಿಗೆದಾರ ಮಂಗಳೂರಲ್ಲೇ ಇಲ್ಲ ಅಂತ ಅವರು ಮೆಚ್ಚಿದರು. ಮೆಚ್ಚಿ ಏನು ಪ್ರಯೋಜನ? ಒಂದು ಭಾನುವಾರ ಫೋನು ಬಂತು. ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರ್ತಾರಂತೆ, ಮಳೆಗೆ ಮೊದಲು ಮಾಡಿನ ಹೆಂಚು ನೋಡಲಿಕ್ಕೆ.

ಮನೆಯಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು! ಇದ್ದ ಚಾಪೆಗಳನ್ನೆಲ್ಲ ಹಾಸಿದೆವು. ಸಾಲದ್ದಕ್ಕೆ ಹಮೀದಾಕ ತಮ್ಮ ಅಂಗಡಿಯ ಅಕ್ಕಿ ಗೋಣಿ ತಂದರು. ಬಚ್ಚಲಿನ ಗೋಡೆಗೆ ಸ್ವಲ್ಪ ಬೂದಿ ಬಳಿ ಅಂತ ಪ್ರೇಮಳಿಗೆ ಹೇಳಿದೆ. "ನೀವೇ ಬಳಿಯಿರಿ," ಅಂದಳು. ಬೂದಿ ಹಿಡಿದು ಒಳಗೆ ಹೋದೆ. ಆ ಜಾಯಿಂಟುಗಳನ್ನು ನೋಡಿದೆ. ಬೂದಿ ಹಿಡಿದೇ ವಾಪಸು ಬಂದೆ. ಬಚ್ಚಲಿಗೆ ಬೀಗ ಹಾಕಿದೆ.

ಬಾಯಮ್ಮ ಗಲ್ಫಿನಲ್ಲಿ ನರ್ಸ್ ಆಗಿದ್ದವರು, ದಪ್ಪ ಕನ್ನಡಕ. ಗೋಣಿಯ ಮೇಲೆ ನಡೆದು ಬಂದು ಕುರ್ಚಿಯಲ್ಲಿ ಕೂತರು. ಮಾಡು ನೋಡಿದರು, ಚಾ ಕುಡಿದರು. ಕೆಳಗೆ ನೋಡಲೇ ಇಲ್ಲ. ದೇವರಿದ್ದಾನೆ ಅಂದುಕೊಳ್ಳುವಷ್ಟರಲ್ಲಿ ಕೇಳಿದರು: "ಬಚ್ಚಲಿಗೆ ಬೀಗ ಯಾಕೆ? ಒಮ್ಮೆ ಹೋಗಬೇಕು, ನನಗೆ ಶುಗರ್."

ಶುಗರ್ ಇದ್ದವರಿಗೆ ಇಲ್ಲ ಅನ್ನಲಿಕ್ಕಾಗುತ್ತದಾ? ಬೀಗ ತೆಗೆದೆ. ಹೊರಗೆ ಹಮೀದಾಕ ಸಾವಿನ ಮನೆಯಂಗಳದಲ್ಲಿ ನಿಂತ ಹಾಗೆ ನಿಂತಿದ್ದರು.

ಬಾಯಮ್ಮ ನಗುತ್ತಾ ಹೊರಬಂದರು. "ಎಷ್ಟು ಚಂದ ಉಂಟು ನೋಡಿ. ತೀರಿಹೋದ ನಮ್ಮವರು ಹಾಕಿಸಿದ್ದು. ಈಗಿನ ಕೆಲಸದವರಿಗೆ ಇದೆಲ್ಲ ಬರುವುದಿಲ್ಲ."

ಬದುಕಿದೆ! ಹಮೀದಾಕ ಉಸಿರು ಬಿಟ್ಟದ್ದು ಒಳಗೆ ಕೇಳಿಸಿತು. ನಾನು ಮಾಡಬೇಕಾದದ್ದು ಇಷ್ಟೇ: ತಲೆ ಆಡಿಸುವುದು. ಪ್ರೇಮ ನನ್ನ ಕಾಲು ಮೆಟ್ಟಿದಳು. ಇನ್ನೊಮ್ಮೆ ಮೆಟ್ಟಿದಳು.

"ಅದು ನಾನು ಹಾಕಿದ್ದು," ಅಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಗೋಣಿ ಎಳೆದೆ, ಚಾಪೆ ಸುತ್ತಿದೆ. "ಜಾಯಿಂಟ್ ನೋಡಿ ಬಾಯಮ್ಮ, ನೂಲು ಹಿಡಿದ ಹಾಗೆ." ಅವರು ಬಗ್ಗಿ ಕೈಯಾಡಿಸಿ ಹೊಗಳಿದ್ದೇ ಹೊಗಳಿದ್ದು. ನಾನು ಉಬ್ಬಿದೆ. ಆಮೇಲೆ ಕನ್ನಡಕ ಒರೆಸಿಕೊಂಡು ಅಂದರು, "ಇಷ್ಟು ಒಳ್ಳೆ ಮನೆಗೆ ನಾನು ಇಷ್ಟು ಕಡಿಮೆ ಬಾಡಿಗೆ ತಗೊಳ್ತಾ ಇದ್ದೇನಾ?"

ಈಗ ನಾನೇ ಹಾಕಿದ ನೆಲದ ಮೇಲೆ ನಡೆಯಲಿಕ್ಕೆ ಭಾನುವಾರವೂ ಕೆಲಸಕ್ಕೆ ಹೋಗ್ತೇನೆ. ಸಾಲಿನವರೆಲ್ಲ ನನ್ನ ಕಂಡರೆ ಮುಖ ತಿರುಗಿಸ್ತಾರೆ. ಹಮೀದಾಕ ಗೋಣಿ ವಾಪಸು ಕೇಳಲಿಕ್ಕೂ ಬರಲಿಲ್ಲ. ಮೊನ್ನೆ ಬೇರೊಂದು ಕಡಿಮೆ ಬಾಡಿಗೆಯ ಮನೆ ನೋಡಲು ಹೋದೆವು. ನೆಲ ಪೂರ್ತಿ ಹಾಳು. ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಮೊಣಕಾಲೂರಿ ಗೇಣು ಹಾಕಿ ಅಳೆಯತೊಡಗಿದೆ.

ಪ್ರೇಮ ಕಾಲರ್ ಹಿಡಿದು ಹೊರಗೆ ಎಳೆದುಕೊಂಡು ಬಂದಳು.