ಗಿಣ್ಣ ಹಂಚಿ ಎಮ್ಮೆ ಮಲಗಿಸಿದ್ದು

ಸಂಗೀತಾ, ಪರಶುರಾಮ, ನೀವೆಲ್ಲ ಮದುವೆಗೆಂದು ದಾಂಡೇಲಿಗೆ ಹೋಗಿದ್ದಾಗ ನಮ್ಮ ಕಾಶಿ ಎಮ್ಮೆಗೆ ಏನಾಯಿತೆಂದು ಕೇಳುತ್ತಲೇ ಇದ್ದೀರಿ. ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾಶಿ ಈದದ್ದು ಬೆಳಗಿನ ಹೊತ್ತು. ಕರು ಚುರುಕಾಗಿತ್ತು. ಇಷ್ಟು ವರ್ಷ ಎಮ್ಮೆ ಸಾಕಿದವಳಿಗೆ ಇದೇನು ಮಹಾ ಕೆಲಸ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಶಾಂತಾಬಾಯಿ ತಂಬಿಗೆ ಹಿಡಿದು ಬಂದಳು. ನಮ್ಮ ಸಾಂಬ್ರಾಣಿ ಊರಲ್ಲಿ ಎಮ್ಮೆ ಈದರೆ ಗಿಣ್ಣದ ಹಾಲನ್ನು ಓಣಿಗೆ ಹಂಚುವುದು ವಾಡಿಕೆ. ಅವಳ ಹಿಂದೆ ಇನ್ನೊಂದು ತಂಬಿಗೆ. ಅದರ ಹಿಂದೆ ಒಂದು ಕೊಡ! ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಕೊನೆಯ ಹನಿಯವರೆಗೂ ಹಿಂಡಿ ಕೊಟ್ಟೆ.

ಮಧ್ಯಾಹ್ನ ಕಾಶಿ ಕುಸಿದು ಕೂತಿತು. ಕುತ್ತಿಗೆ ಹೊಟ್ಟೆಯ ಕಡೆ ಹೊರಳಿತ್ತು. ಕಿವಿ ತಣ್ಣಗೆ. ನಿಮ್ಮ ಅಜ್ಜ ಹೋದಮೇಲೆ ನಾನು ಗಟ್ಟಿಯಾಗಿ ಮಾತಾಡುವುದು ಅದೊಂದರ ಜೊತೆಗೇ.

ಚಳಿಯೇ ಇರಬೇಕೆಂದು ತೀರ್ಮಾನಿಸಿ ಮನೆಯ ಕಂಬಳಿಗಳನ್ನೆಲ್ಲ ಹೊದಿಸಿದೆ. ಶುಂಠಿ ಕಷಾಯ ಕಾಯಿಸಿ, ಬಾಯಿಗೆ ಹೊಯ್ಯಲು ಬಿದಿರಿನ ಗೊಟ್ಟ ಎತ್ತಿದೆ. ಶಾಂತಾಬಾಯಿ ಫೋನು ಮಾಡಿ ಕರೆಸಿದ ದನದ ಡಾಕ್ಟರಬಾಯಿ ಆಗಲೇ ಬಂದು ನನ್ನ ಕೈ ಹಿಡಿದರು.

"ಆಯಿ, ನಿಲ್ಲಸ್ರಿ! ಅದಕ್ಕ ನುಂಗಾಕ ಬರೂದಿಲ್ಲ, ಕಷಾಯ ಸೀದಾ ಪುಪ್ಪಸಕ್ಕ ಹೋಗತೈತಿ. ಇದು ಹಾಲುಜ್ವರ."

"ಮೈ ತಣ್ಣಗೈತಲ್ರಿ, ಜ್ವರ ಎಲ್ಲೈತಿ?"

"ಹೆಸರಷ್ಟ ಜ್ವರ. ಹಾಲೆಷ್ಟು ಹಿಂಡಿದ್ರಿ?"

"ಸ್ವಲ್ಪ..." ಎಂದೆ.

"ಸ್ವಲ್ಪ ಅಲ್ಲರಿ!" ಶಾಂತಾಬಾಯಿಗೆ ನನ್ನನ್ನು ಹೊಗಳುವ ಹುಮ್ಮಸ್ಸು. "ಇಡೀ ಓಣಿ ತಿಂದೈತಿ. ಗಿಣ್ಣ ಅಂದ್ರ ನಮ್ಮ ವೈನೀದು!"

ಡಾಕ್ಟರಬಾಯಿ ಹಣೆ ಒತ್ತಿಕೊಂಡರು. "ಸ್ನಾಯು ಕೆಲಸ ಮಾಡಾಕ ಕ್ಯಾಲ್ಸಿಯಂ ಬೇಕ್ರಿ. ಹಾಲಿನ ಜೋಡಿ ಅದನ್ನೂ ಹಿಂಡಿ ತಗದೀರಿ. ಇನ್ನ ಕಾಲು ಹೆಂಗ ನಿಂದರತಾವು?"

ಕುತ್ತಿಗೆಯ ನರಕ್ಕೆ ಸೂಜಿ ಹಾಕಿ, ಕ್ಯಾಲ್ಸಿಯಂ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಬೇಗ ಗುಣವಾಗಲೆಂದು ನಾನದನ್ನು ತಲೆಯ ಮೇಲೆ ಎತ್ತಿ ಹಿಡಿದೆ.

"ಕೆಳಗ ಹಿಡೀರಿ! ಜೋರ ಹೋತಂದ್ರ ಹೃದಯ ನಿಂತಬಿಡತೈತಿ. ಅದೂ ಸ್ನಾಯುನ!"

ಬೆಳಗಿನಿಂದ ಮೂರನೆಯ ಬಾರಿ ನಾನು ಕಾಶಿಯ ಪ್ರಾಣಕ್ಕೆ ಸಂಚಕಾರ ತಂದಿದ್ದೆ!

ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಬಾಟಲಿ ತಗ್ಗಿಸಿದೆ. ಔಷಧಿ ಮುಗಿಯುತ್ತ ಬಂದಾಗ ಕಾಶಿ ನಡುಗಿತು. ತೇಗಿತು. ಸಗಣಿ ಹಾಕಿತು. ಕಂಬಳಿಗಳ ಸಮೇತ ಎದ್ದು ನಿಂತಿತು!

ನಾನು ಏಳಲಿಲ್ಲ. ಮೀನಖಂಡ ಹಿಡಿದುಕೊಂಡು ಕಾಲು ಕಲ್ಲಾಗಿತ್ತು. ಸಗಣಿಯಲ್ಲೇ ಕೂತುಬಿಟ್ಟೆ.

"ಡಾಕ್ಟರಬಾಯಾರ, ಬಾಟಲಿ ತಳದಾಗ ಏನರ ಉಳದೈತೇನ್ರಿ?" ಎಂದಳು ಶಾಂತಾಬಾಯಿ. "ನಮ್ಮ ವೈನೀಗೂ ಹಾಕಿಬಿಡ್ರಿ!"

ಹೊರಡುವಾಗ ಡಾಕ್ಟರಬಾಯಿ, "ಎರಡ್ಮೂರು ದಿನ ಪೂರಾ ಹಿಂಡಬ್ಯಾಡ್ರಿ. ಯಾರ ಬಂದ್ರೂ ಇಲ್ಲ ಅನ್ರಿ" ಎಂದರು. ತಲೆಯಾಡಿಸಿದೆ. ಸಂಜೆ ಮೇಲಿನ ಓಣಿಯವರು ಬಂದರು. ಇಲ್ಲ ಎಂದವಳು ಶಾಂತಾಬಾಯಿ. ನಾನು ಕದದ ಹಿಂದಿದ್ದೆ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ. ಕಾಶಿ ಮತ್ತೆ ಈದಾಗ ಬಾಗಿಲಲ್ಲಿ ನಿಂತು ನೀವೇ ಇವನ್ನು ಓಣಿಗೆ ಕೇಳುವಂತೆ ಓದಿ. ನಾನು ಒಳಗಿರುತ್ತೇನೆ.